ತಿರುಚಿಕೊಂಡ ಶ್ವಾಸಕೋಶ

ಕರುಳು ಸುತ್ತಿಕೊಳ್ಳುವ ಮಾತು ನೀವೆಲ್ಲ ಕೇಳಿದ್ದೇ. ಶ್ವಾಸಕೋಶವೂ ಹಾಗೆ ತಿರುಚಿಕೊಳ್ಳುತ್ತದೆ ಎಂದರೆ ವೈದ್ಯರೇ ಹುಬ್ಬೇರಿಸುತ್ತಾರೆ. ಅಷ್ಟು ಅಪರೂಪ.

ಶ್ವಾಸಕೋಶಕ್ಕೆ ಬಲಗಡೆ ಮೂರು ಹಾಲೆ, ಎಡಗಡೆ ಎರಡು. ಒಂದೊಂದೂ ಮಾವಿನಕಾಯಿಯ ಹಾಗೆ ತನ್ನ ತೊಟ್ಟಿಗೆ ಅಂಟಿಕೊಂಡಿದೆ. ಗಾಳಿಯ ಕೊಳವೆ, ರಕ್ತ ತರುವ ನಾಳ, ಒಯ್ಯುವ ನಾಳ ಎಲ್ಲವೂ ಆ ತೊಟ್ಟಿನಲ್ಲೇ. ಅಕ್ಕಪಕ್ಕ ಒತ್ತಾಗಿರುವುದರಿಂದ ಕಾಯಿ ಹೊರಳುವುದಿಲ್ಲ. ಜಾಗ ಖಾಲಿಯಾಯಿತೋ, 180 ಡಿಗ್ರಿ, ಅಂದರೆ ಅರ್ಧ ಸುತ್ತು ಸಾಕು.

ದೊಡ್ಡವರಲ್ಲಿ ಆ ಜಾಗ ಮಾಡಿಕೊಡುವವರು ಹೆಚ್ಚಾಗಿ ಶಸ್ತ್ರಚಿಕಿತ್ಸಕರೇ! ಕ್ಯಾನ್ಸರಿಗೆಂದು ಬಲಗಡೆಯ ಮೇಲಿನ ಹಾಲೆ ತೆಗೆದಾಗ, ಪುಟ್ಟ ನಡುಹಾಲೆ ಆಸರೆ ತಪ್ಪಿ ತಿರುಗಬಹುದು. ಅದಕ್ಕೇ ಅನೇಕರು ಅದನ್ನು ಕೆಳಹಾಲೆಗೆ ಹೊಲಿದುಬಿಡುತ್ತಾರೆ. ಮಕ್ಕಳ ಕಥೆ ಬೇರೆ. ಎಳೆಯ ಪಕ್ಕೆಲುಬು ಮುರಿಯದೆ ಬಾಗುತ್ತದೆ. ವಾಹನದ ಚಕ್ರ ಎದೆಯ ಮೇಲೆ ಹರಿದರೆ, ಹೊರಗೆ ಹೆಚ್ಚು ಗಾಯ ಕಾಣದಿದ್ದರೂ ಒಳಗೆ ಶ್ವಾಸಕೋಶ ಹಿಂಡಿಸಿಕೊಂಡು ತಿರುಚಿರಬಹುದು.

ತಿರುಚಿದ ತೊಟ್ಟಿನಲ್ಲಿ ಮೊದಲು ಮುಚ್ಚುವುದು ತೆಳುಗೋಡೆಯ ಅಭಿಧಮನಿ. ಅಪಧಮನಿ ಇನ್ನೂ ರಕ್ತ ನೂಕುತ್ತಲೇ ಇರುತ್ತದೆ. ಬರುವ ದಾರಿ ತೆರೆದಿದೆ, ಹೋಗುವ ದಾರಿ ಕಟ್ಟಿದೆ; ಹಾಲೆ ರಕ್ತ ತುಂಬಿ ಊದಿಕೊಂಡು ಕಪ್ಪಾಗುತ್ತದೆ. ಜ್ವರ, ಎದೆನೋವು, ಉಸಿರುಗಟ್ಟುವಿಕೆ, ಕಫದಲ್ಲಿ ರಕ್ತ. ನ್ಯುಮೋನಿಯಾದಲ್ಲೂ ಇವೇ ತಾನೆ? ಎಕ್ಸ್‌ರೇಯಲ್ಲೂ ಎರಡೂ ಬೆಳ್ಳಗೆ. ನನ್ನನ್ನು ಕೇಳಿದರೆ, ತಿರುಚುವುದಕ್ಕಿಂತ ಈ ವೇಷವೇ ಹೆಚ್ಚು ಅಪಾಯ. ಅನುಮಾನ ಬಂದವರು ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ. ಬ್ರಾಂಕೋಸ್ಕೋಪ್, ಅಂದರೆ ಒಳಗೆ ನೋಡುವ ಕೊಳವೆ, ಇಳಿಸಿದರೆ ಶ್ವಾಸನಾಳದ ಕವಲು ಮೀನಿನ ಬಾಯಿಯಂತೆ ಹಿಸುಕಿಕೊಂಡಿರುವುದು ಕಾಣುತ್ತದೆ.

ಹಾಗಾದರೆ ಬಿಚ್ಚಿಬಿಡಿ ಎನ್ನುತ್ತೀರಿ. ಬೇಗ ತಿಳಿದರೆ ಅದೇ ಸರಿ, ಹಾಲೆಯೂ ಉಳಿಯುತ್ತದೆ. ತಡವಾದರೆ ಮಾತ್ರ ಬಿಚ್ಚುವುದೇ ಕಂಟಕ: ಒಳಗೆ ಹೆಪ್ಪುಗಟ್ಟಿದ ರಕ್ತ ಕಿತ್ತು ಹೃದಯದ ಎಡಭಾಗಕ್ಕೆ, ಅಲ್ಲಿಂದ ಮಿದುಳಿಗೂ ಹೋದೀತು. ಆದ್ದರಿಂದ ಸತ್ತ ಹಾಲೆಯನ್ನು ತಿರುಚಿದ ಹಾಗೆಯೇ ಬಿಟ್ಟು, ತೊಟ್ಟಿಗೆ ಕ್ಲಾಂಪ್ ಹಾಕಿ ಕತ್ತರಿಸಿ ತೆಗೆಯುತ್ತಾರೆ.

ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಎದೆಯ ಆಪರೇಷನ್ ಆಗಿದ್ದು, ಕೆಲವೇ ದಿನಗಳಲ್ಲಿ ಜ್ವರ, ಏದುಸಿರು ಏರಿದರೆ ಮನೆಮದ್ದಿಗೆ ಕೂರಬೇಡಿ. ಆಪರೇಷನ್ ಮಾಡಿದವರಿಗೇ ಅವತ್ತೇ ತಿಳಿಸಿ. ಮಗುವಿನ ಎದೆಯ ಮೇಲೆ ಗಾಡಿ ಹರಿದಿದ್ದರೆ, ಗಾಯವಿಲ್ಲವೆಂದು ಮನೆಗೆ ಕರೆತರಬೇಡಿ, ನೇರ ಆಸ್ಪತ್ರೆಗೆ ಒಯ್ಯಿರಿ.