ಮುಖ ಕೊಟ್ಟು ಮಾತಾಡುವುದು

ಭಾನುವಾರದ ಬೆಳಗ್ಗೆ ಮನೆಗೆಲಸ ಬಿಟ್ಟು ಜಯನಗರದ ಈ ಸಭಾಂಗಣಕ್ಕೆ ಬಂದಿದ್ದೀರಿ. ಕಚೇರಿಯಲ್ಲಿ ನಮ್ಮ ಮಾತು, ಹಾವಭಾವ ಹೇಗಿರಬೇಕು ಎಂಬುದು ಇವತ್ತಿನ ವಿಷಯ.

ಕೈ ಕಟ್ಟುವುದರಿಂದಲೇ ಶುರುಮಾಡುತ್ತೇನೆ. ಅಕ್ಷರ ತಿದ್ದುವ ಮೊದಲೇ ನಾವು ಕಲಿತ ಪಾಠ ಅದು. ಮೇಷ್ಟ್ರು ಬಂದರೆ ಎದ್ದು ನಿಲ್ಲಬೇಕು, ಕೈ ಕಟ್ಟಬೇಕು. ಹಿರಿಯರನ್ನು ದಿಟ್ಟಿಸಿದರೆ ‘ಏನೋ, ದುರುಗುಟ್ಟಿಕೊಂಡು ನೋಡ್ತೀಯಾ’ ಎಂದು ಬೈಸಿಕೊಂಡವರು ನಾವು. ಹೀಗೆ ಬೆಳೆದ ಹುಡುಗಿ ಸಿಂಧನೂರಿಂದಲೋ ಕೊಳ್ಳೇಗಾಲದಿಂದಲೋ ಬಂದು ಬಿಟಿಎಂ ಲೇಔಟಿನ ಪಿಜಿಯಲ್ಲಿ ಇಳಿದುಕೊಳ್ಳುತ್ತಾಳೆ. ಸಂದರ್ಶನದ ತರಬೇತಿಗೆ ಸೇರಿದರೆ ಅಲ್ಲಿ ಹೇಳುವುದೇ ಬೇರೆ. ಕೈ ಕಟ್ಟಿದರೆ ಮನಸ್ಸು ಮುಚ್ಚಿದೆಯಂತೆ, ಕಣ್ಣು ತಗ್ಗಿಸಿದರೆ ಆತ್ಮವಿಶ್ವಾಸವಿಲ್ಲವಂತೆ. ಊರಲ್ಲಿ ಮರ್ಯಾದೆ ಅನ್ನಿಸಿಕೊಂಡದ್ದು ಇಲ್ಲಿ ಅಂಕ ಕಳೆಯುತ್ತದೆ.

ಇಂಥ ತರಗತಿಗಳಲ್ಲಿ ಒಂದು ಲೆಕ್ಕವನ್ನೂ ಒಪ್ಪಿಸುತ್ತಾರೆ: ಮಾತಿನ ಪರಿಣಾಮದಲ್ಲಿ ಪದಕ್ಕೆ ಶೇ. 7, ದನಿಗೆ 38, ಮುಖಭಾವಕ್ಕೆ 55. ಇದರ ಮೂಲ ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಸಹೋದ್ಯೋಗಿಗಳೊಡನೆ ಪ್ರಕಟಿಸಿದ ಎರಡು ಅಧ್ಯಯನಗಳು. ಬಿಡಿ ಪದಗಳನ್ನು ಬೇರೆಬೇರೆ ದನಿಯಲ್ಲಿ ಕೇಳಿಸಿ, ಮುಖಗಳ ಫೋಟೊ ತೋರಿಸಿ, ಹೇಳಿದವರಿಗೆ ಇಷ್ಟವೋ ಅನಿಷ್ಟವೋ ಎಂದು ಊಹಿಸಲು ಕೇಳಿದ್ದರು, ಅಷ್ಟೆ. ಭಾವನೆಯ ಮಾತಿಗಲ್ಲದೆ ಬೇರೆ ಮಾತುಕತೆಗೆ ಈ ಲೆಕ್ಕ ಹೊಂದದು ಎಂದು ಅವರೇ ಸ್ಪಷ್ಟಪಡಿಸಿದ್ದಾರೆ. ಮಾತ್ರೆ ದಿನಕ್ಕೆ ಎಷ್ಟು ಸಲ ಎಂಬುದನ್ನು ಡಾಕ್ಟರ ಮುಖ ನೋಡಿ ತಿಳಿಯಲಾದೀತೇ? ಅದಕ್ಕೆ ಪದವೇ ಬೇಕು. ತಡವರಿಸಿದರೂ ಸರಿಯಾದ ಪದ ಹೇಳಿದವರನ್ನು ನಾವು ಕಾಯ್ದುಕೊಳ್ಳಬೇಕು.

ಹಾಗೆಂದು ಹಾವಭಾವ ಲೆಕ್ಕಕ್ಕಿಲ್ಲ ಎಂದಲ್ಲ. ನಾನು ಬ್ಯಾಂಕೊಂದರ ಶಾಖೆಯಲ್ಲಿ ಅಧಿಕಾರಿಯಾಗಿದ್ದಾಗ ಹೊಸದಾಗಿ ಸೇರಿದ್ದ ಗುಮಾಸ್ತ ಒಬ್ಬ ಮಧ್ಯಾಹ್ನ ನನ್ನ ಮೇಜಿನ ಮುಂದೆ ಕೈ ಕಟ್ಟಿ ನಿಂತ. ‘ಸಾರ್, ಒಂದು ವಿಷಯ...’ ಎಂದ. ನಾನು ಲೆಡ್ಜರಿನಿಂದ ತಲೆ ಎತ್ತದೆ ‘ಹ್ಞೂಂ, ಹೇಳಪ್ಪ’ ಎಂದೆ. ಬಾಯಿ ಹೇಳು ಎಂದಿತ್ತು, ಬಗ್ಗಿದ ತಲೆ ಹೋಗು ಎಂದಿತ್ತು. ಅವನು ಕೇಳಿಸಿಕೊಂಡದ್ದು ಎರಡನೆಯದನ್ನು. ‘ಆಮೇಲೆ ಬರ್ತೀನಿ ಸಾರ್’ ಎಂದು ಹೋದ. ಬೇರೆಯವರ ಖಾತೆಗೆ ಜಮೆಯಾಗಿದ್ದ ಚೆಕ್ಕೊಂದನ್ನು ಅವನು ಪತ್ತೆಹಚ್ಚಿದ್ದ ಎಂದು ಮಾರನೇ ದಿನ ಗೊತ್ತಾಯಿತು. ಅಷ್ಟರಲ್ಲಿ ಆ ಹಣ ಡ್ರಾ ಆಗಿತ್ತು. ಅವನಿಗೆ ಧೈರ್ಯ ಸಾಲದು ಎಂದು ಶಾಖೆಯಲ್ಲಿ ಮಾತಾಡಿಕೊಂಡರು. ತಪ್ಪು ನನ್ನದು.

ಕನ್ನಡದಲ್ಲಿ ಮುಖ ಕೊಟ್ಟು ಮಾತಾಡು ಅನ್ನುತ್ತೇವೆ, ಕಿವಿಗೊಡು ಅನ್ನುತ್ತೇವೆ. ಎರಡೂ ಕಡೆ ‘ಕೊಡು’ ಇದೆ. ಕೊಡಬೇಕಾದವರು ಕುರ್ಚಿಯಲ್ಲಿ ಕುಳಿತವರು. ಆದರೆ ನಮ್ಮ ತರಬೇತಿಯೆಲ್ಲ ಎದುರು ನಿಂತವರಿಗೇ. ಹೇಗೆ ನಿಲ್ಲಬೇಕು, ಎಷ್ಟು ನಗಬೇಕು ಎಂದು ಹೊಸಬರಿಗೆ ಕಲಿಸುತ್ತೇವೆ. ಫೋನು ನೋಡುತ್ತಲೇ ಅಹವಾಲು ಕೇಳುವ ಮ್ಯಾನೇಜರಿಗೆ ಯಾರು ಕಲಿಸುತ್ತಾರೆ?

ನಾಳೆ ಸೋಮವಾರ. ಬಿಟಿಎಂನಲ್ಲಿ ಹಳದಿ ಮಾರ್ಗದ ಮೆಟ್ರೊ ಹತ್ತಿ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವವರು, ಬನಶಂಕರಿಯ ಕಚೇರಿಗಳಲ್ಲಿ ನಾಲ್ಕು ಜನರ ಮೇಲೆ ಅಧಿಕಾರ ಇರುವವರು ಈ ಸಭೆಯಲ್ಲಿದ್ದೀರಿ. ಯಾರಾದರೂ ಕೈ ಕಟ್ಟಿಕೊಂಡು ನಿಮ್ಮ ಮೇಜಿನ ಹತ್ತಿರ ಬಂದರೆ ದಯವಿಟ್ಟು ಪರದೆ ಬಿಟ್ಟು ಕುರ್ಚಿ ತಿರುಗಿಸಿ, ‘ಕೂತ್ಕೊಳ್ಳಿ, ಹೇಳಿ’ ಎನ್ನಿ. ಅವರು ಹೇಳಿ ಮುಗಿಸುವ ತನಕ ಕಾಯಿರಿ.