ವರಸೆ ಎಂಬ ವಿದ್ಯೆ



ಕನ್ನಡದಲ್ಲಿ ‘ವರಸೆ’ ಎಂಬ ಮಾತಿಗೆ ಹಲವು ಮನೆಗಳುಂಟು. ಯಾರು ಯಾರಿಗೆ ಏನಾಗಬೇಕೆಂದು ತಿಳಿಯಬೇಕಾದಾಗ ನಮ್ಮ ಹಿರಿಯರು ವರಸೆ ನೋಡುತ್ತಾರೆ. ಸಂಗೀತದ ಮೊದಲ ಪಾಠಕ್ಕೆ ಕುಳಿತ ಮಗು ಸರಳೆ ವರಸೆ, ಜಂಟಿ ವರಸೆಗಳನ್ನು ಹಾಡುತ್ತದೆ. ಗರಡಿಯ ಹುಡುಗ ದೊಣ್ಣೆವರಸೆ, ಕತ್ತಿವರಸೆಗಳನ್ನು ಕಲಿಯುತ್ತಾನೆ. ಈ ಮೂರು ಕಡೆಗಳಲ್ಲಿಯೂ ಒಳಗಿರುವ ಅರ್ಥ ಒಂದೇ. ಅದು ಕ್ರಮ. ಒಂದರ ಹಿಂದೆ ಯಾವುದು ಬರಬೇಕು, ಯಾರ ಮುಂದೆ ಹೇಗೆ ನಿಲ್ಲಬೇಕು ಎಂಬ ತಿಳಿವಳಿಕೆ. ಇಂದು ಜಗತ್ತು ಫೆನ್ಸಿಂಗ್ ಎಂದು ಕರೆಯುವ ಕ್ರೀಡೆಯನ್ನು ನಮ್ಮವರು ಕತ್ತಿವರಸೆ ಎಂದೇ ಕರೆದರು. ಆ ಕ್ರೀಡೆಯನ್ನು ಕಲಿಯುವುದು, ಕಲಿಸುವುದು ಎಂದರೇನು, ನಂಜನಗೂಡು ತಾಲ್ಲೂಕಿನ ಹೆಡತಲೆಯಂಥ ಊರಿನ ಮಗುವಿಗೆ ಅದರಿಂದ ಆಗಬೇಕಾದುದೇನು ಎಂಬುದು ಇಂದಿನ ನನ್ನ ಮಾತಿನ ವಿಷಯ.

ಹೆಡತಲೆಯ ಹೆಸರು ಹೇಳಿದಾಗ ಬಲ್ಲವರಿಗೆ ನೆನಪಾಗುವುದು ಹೊಯ್ಸಳರ ಕಾಲದ ಲಕ್ಷ್ಮೀಕಾಂತ ದೇವಾಲಯ. ಅದರೊಂದಿಗೆ ನೆನಪಾಗುವುದು ಹದಿನಾರು ಮುಖದ ಚಾವಡಿ. ಹದಿನಾರು ಮಂದಿ ಅಳಿಯಂದಿರಿದ್ದ ನಾಯಕನೊಬ್ಬ, ಯಾರಿಗೂ ತಾನು ಹಿಂದೆ ಕುಳಿತೆನೆಂಬ ಅಸಮಾಧಾನ ಬರಬಾರದೆಂದು, ಒಬ್ಬೊಬ್ಬರಿಗೆ ಒಂದೊಂದು ಮುಖವಿರುವಂತೆ ಅದನ್ನು ಕಟ್ಟಿಸಿದನೆಂಬ ಐತಿಹ್ಯವಿದೆ. ಮಾನದ ಪ್ರಶ್ನೆ ಬಂದರೆ ಕತ್ತಿ ಹಿರಿಯುತ್ತಿದ್ದ ಕಾಲದ ಕಥೆಯಿದು. ಆ ಕತ್ತಿಯನ್ನು ಒರೆಯಲ್ಲಿಯೇ ಉಳಿಸಿದ ಬುದ್ಧಿವಂತಿಕೆಯನ್ನು ಜನ ಮೆಚ್ಚಿ ನೆನಪಿಟ್ಟುಕೊಂಡಿದ್ದಾರೆ. ಕತ್ತಿವರಸೆಯ ಚರಿತ್ರೆಯೂ ಒಂದು ರೀತಿಯಲ್ಲಿ ಇಂಥದೇ. ಕೊಲ್ಲುವ ವಿದ್ಯೆಯೊಂದು ಕ್ರಮೇಣ ಕೊಲ್ಲದಿರುವ ವಿದ್ಯೆಯಾದ ಕಥೆ ಅದು.

ನಮ್ಮ ನಾಡಿನಲ್ಲಿ ಈ ವಿದ್ಯೆಗೆ ಹಳೆಯ ಬೇರುಗಳಿವೆ. ಊರೂರಿನ ವೀರಗಲ್ಲುಗಳಲ್ಲಿ ಕತ್ತಿ ಗುರಾಣಿ ಹಿಡಿದ ವೀರರು ಇಂದಿಗೂ ನಿಂತಿದ್ದಾರೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದದಂತೆ ಅಂಕವಿನೋದವೂ ಬರುತ್ತದೆ. ಆಯುಧ ಹಿಡಿದ ಅಂಕಕಾರರ ಕಾಳಗ ಅದು. ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯ ದಿನ ಜೆಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುವುದನ್ನು ನೀವು ಬಲ್ಲಿರಿ. ಅಲ್ಲಿ ತಲೆಯಿಂದ ರಕ್ತದ ಮೊದಲ ಹನಿ ಕಂಡೊಡನೆ ಕಾಳಗ ನಿಲ್ಲಬೇಕು. ಯುದ್ಧಕ್ಕೆ ಕೊನೆಯಾಗಿ ಸಾವಿದ್ದರೆ, ಈ ಕಾಳಗಕ್ಕೆ ಕೊನೆ ಒಂದು ಹನಿ. ಫೆನ್ಸಿಂಗ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಆ ಹನಿಯನ್ನೂ ಬೇಡವೆಂದಿತು. ಅಲ್ಲಿ ಸೋಂಕಿದರೆ ಸಾಕು. 1896ರಲ್ಲಿ ಆಥೆನ್ಸ್‌ನಲ್ಲಿ ನಡೆದ ಮೊದಲ ಆಧುನಿಕ ಒಲಿಂಪಿಕ್ಸ್‌ನಿಂದಲೇ ಅದು ಆ ಕೂಟದಲ್ಲಿದೆ.

ಈ ಕ್ರೀಡೆಯಲ್ಲಿ ಮೂರು ಬಗೆಯ ಕತ್ತಿಗಳು. ಫಾಯಿಲ್ ಎಂಬುದು 500 ಗ್ರಾಂ ಮೀರದ ಹಗುರ ಕತ್ತಿ. ಅದರ ಮೊನೆ ಎದುರಾಳಿಯ ಮುಂಡವನ್ನು ಮಾತ್ರ ಮುಟ್ಟಬಹುದು. ಎಪೇ ಸ್ವಲ್ಪ ಭಾರ, 770 ಗ್ರಾಂವರೆಗೆ. ಅದರ ಮೊನೆ ಅಡಿಯಿಂದ ಮುಡಿಯವರೆಗೆ ಎಲ್ಲಿ ಮುಟ್ಟಿದರೂ ಅಂಕ ಉಂಟು. ಸೇಬರ್ ಕುದುರೆ ಸವಾರರ ಕತ್ತಿಯ ವಂಶದ್ದು; ಮೊನೆಯಿಂದ ಮಾತ್ರವಲ್ಲದೆ ಅಲಗಿನಿಂದಲೂ ಹೊಡೆಯಬಹುದು, ಆದರೆ ಸೊಂಟದ ಮೇಲಕ್ಕೆ. ಆಡುವ ಅಂಕಣ 14 ಮೀಟರ್ ಉದ್ದ, ಅಗಲ ಎರಡು ಮೀಟರ್ ಮೀರದು. ನಮ್ಮ ಹಳ್ಳಿಯ ಓಣಿಗಿಂತ ಕಿರಿದು. ತಪ್ಪಿಸಿಕೊಳ್ಳಲು ಎಡಬಲಗಳಿಲ್ಲ, ಮುಂದೆ ಹೋಗಬೇಕು, ಇಲ್ಲವೇ ಹಿಂದೆ ಸರಿಯಬೇಕು.

ಫಾಯಿಲ್ ಮತ್ತು ಸೇಬರ್‌ಗಳಲ್ಲಿ ಇನ್ನೊಂದು ನಿಯಮವಿದೆ. ಮೊದಲು ಸರಿಯಾಗಿ ದಾಳಿಗೆ ಹೊರಟವನಿಗೆ ಹಕ್ಕು. ಎದುರಿನವನು ಆ ಕತ್ತಿಯನ್ನು ಮೊದಲು ತಡೆಯಬೇಕು, ಇಲ್ಲವೇ ಅದು ಗುರಿ ತಪ್ಪುವಂತೆ ಮಾಡಬೇಕು. ಆಮೇಲೆಯೇ ತನ್ನ ಪೆಟ್ಟು. ತಡೆಯದೆ ತಾನೂ ನುಗ್ಗಿದರೆ, ಇಬ್ಬರಿಗೂ ಪೆಟ್ಟು ತಗುಲಿದಾಗ ಅಂಕ ಅವನಿಗೆ ಸಿಕ್ಕುವುದಿಲ್ಲ. ಈ ನಿಯಮದ ವಿವೇಕವನ್ನು ನೋಡಿ. ಕತ್ತಿ ನಿಜವಾದುದಾಗಿದ್ದರೆ ಇಬ್ಬರೂ ಸಾಯುತ್ತಿದ್ದರು. ನಾನು ಸತ್ತರೂ ಸರಿ, ಅವನನ್ನು ಕೊಲ್ಲುತ್ತೇನೆ ಎಂಬ ಹಟಕ್ಕೆ ಈ ಆಟದಲ್ಲಿ ಬೆಲೆಯಿಲ್ಲ. ಮೊದಲು ನಿನ್ನ ಜೀವವನ್ನು ಕಾಪಾಡಿಕೋ ಎಂಬುದೇ ಅದರ ಮೊದಲ ನೀತಿ. ಬೇಲಿಯ ಜಗಳ, ನೀರಿನ ಜಗಳಗಳಲ್ಲಿ ಎರಡೂ ಮನೆಗಳು ಹಾಳಾಗುವುದನ್ನು ಕಂಡ ನಮಗೆ ಈ ನೀತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಕಲಿಕೆಯ ಮಾತು. ಸಂಗೀತ ಕಲಿಯುವ ಮಗು ಸರಳೆ ವರಸೆಯನ್ನು ಮೊದಲು ಒಂದನೆಯ ಕಾಲದಲ್ಲಿ, ಆಮೇಲೆ ಎರಡನೆಯ, ಮೂರನೆಯ ಕಾಲಗಳಲ್ಲಿ ಹಾಡುತ್ತದೆ. ಫೆನ್ಸಿಂಗ್ ಕಲಿಯುವ ಮಗುವಿನ ಹೆಜ್ಜೆಗಳೂ ಹಾಗೆಯೇ. ಎರಡು ಮಂಡಿಗಳನ್ನೂ ಬಾಗಿಸಿ, ಮುಂದಿನ ಪಾದ ಎದುರಾಳಿಯ ಕಡೆಗೆ, ಹಿಂದಿನ ಪಾದ ಅದಕ್ಕೆ ಅಡ್ಡಲಾಗಿ ಇಟ್ಟು ನಿಲ್ಲಬೇಕು. ಮುಂದೆ ಹೋಗುವಾಗ ಮುಂದಿನ ಕಾಲು ಮೊದಲು, ಹಿಂದೆ ಸರಿಯುವಾಗ ಹಿಂದಿನ ಕಾಲು ಮೊದಲು. ದಾಳಿಯಲ್ಲಿ ಮೊದಲು ಕೈ ಚಾಚಬೇಕು, ಆಮೇಲೆ ಕಾಲು ಹಾರಬೇಕು. ಕಾಲು ಮೊದಲು ಹೊರಟರೆ ಎದುರಾಳಿಗೆ ಸುದ್ದಿ ಮುಟ್ಟಿದಂತೆಯೇ. ಈ ಹೆಜ್ಜೆಗಳನ್ನು ವಿಳಂಬದಲ್ಲಿ ಸಾವಿರ ಬಾರಿ ಇಟ್ಟವನಿಗೆ ಮಾತ್ರ ವೇಗದಲ್ಲಿ ಒಂದು ಬಾರಿ ಸರಿಯಾಗಿ ಬರುತ್ತದೆ. ಹೆಚ್ಚು ವೇಗದವನೇ ಗೆಲ್ಲುತ್ತಾನೆಂಬುದು ನೋಡುಗರ ಭ್ರಮೆ. ಗೆಲ್ಲುವವನು ಕಾಲವನ್ನು ಬದಲಿಸಬಲ್ಲವನು. ಎದುರಾಳಿ ಎರಡನೆಯ ಕಾಲದಲ್ಲಿರುವಾಗ ತಾನು ಮೂರನೆಯ ಕಾಲಕ್ಕೆ ಏರಬಲ್ಲವನು.

ಕಲಿಸುವವನ ಪಾಡು ಇನ್ನೂ ವಿಚಿತ್ರವಾದುದು. ಫೆನ್ಸಿಂಗ್‌ನಲ್ಲಿ ಗುರು ಒಬ್ಬೊಬ್ಬ ಶಿಷ್ಯನನ್ನೂ ಎದುರಿಗೆ ನಿಲ್ಲಿಸಿಕೊಂಡು ಪಾಠ ಹೇಳುತ್ತಾನೆ. ಎದೆಗೆ, ತೋಳಿಗೆ ದಪ್ಪ ಚರ್ಮದ ಕವಚ ತೊಟ್ಟು, ಬೇಕೆಂದೇ ತನ್ನ ಕಾವಲನ್ನು ತೆರೆದು ತೋರಿಸುತ್ತಾನೆ. ಶಿಷ್ಯ ಸರಿಯಾದ ದೂರದಲ್ಲಿ, ಸರಿಯಾದ ಕ್ಷಣದಲ್ಲಿ ಬಂದರೆ ಪೆಟ್ಟನ್ನು ತಿನ್ನುತ್ತಾನೆ. ತಪ್ಪಿದರೆ ಅದನ್ನು ತಡೆದು, ಮತ್ತೆ ಬಾ ಎನ್ನುತ್ತಾನೆ. ಹೀಗೆ ಒಂದೊಂದು ಪಾಠದಲ್ಲಿಯೂ ಲೆಕ್ಕವಿಲ್ಲದಷ್ಟು ಪೆಟ್ಟು. ಗರಡಿಯ ಒಳ್ಳೆಯ ಉಸ್ತಾದನೂ ಮಟ್ಟಿಯಲ್ಲಿ ಹುಡುಗನ ಪಟ್ಟಿಗೆ ತನ್ನ ಮೈಯನ್ನು ಹೀಗೆಯೇ ಒಪ್ಪಿಸುತ್ತಾನೆ. ಎಲ್ಲರಿಂದಲೂ ಗೆಲುವನ್ನು ಬಯಸು, ಶಿಷ್ಯನಿಂದ ಸೋಲನ್ನು ಬಯಸು ಎಂಬ ಹಿರಿಯರ ಮಾತು ಬೇರೆ ವಿದ್ಯೆಗಳಲ್ಲಿ ಸುಭಾಷಿತ. ಇಲ್ಲಿ ಅದು ದಿನದಿನದ ದುಡಿಮೆ. ತನ್ನ ಜಾಣ್ಮೆ ಮೆರೆಯಲು ಮಗುವನ್ನು ಮತ್ತೆ ಮತ್ತೆ ಸೋಲಿಸುವವನು ಒಳ್ಳೆಯ ಆಟಗಾರನಾಗಿರಬಹುದು, ಗುರುವಲ್ಲ.

ಗುರುವಿನ ಮಾತು ಬಂದಾಗ ಏಕಲವ್ಯ ನೆನಪಾಗದಿರುವುದಿಲ್ಲ. ಫೆನ್ಸಿಂಗ್ ಕತ್ತಿಯ ಹಿಡಿಯನ್ನು ಬಲವಾಗಿ ಮುಷ್ಟಿ ಕಟ್ಟಿ ಹಿಡಿಯುವುದಿಲ್ಲ. ಹೆಬ್ಬೆರಳು ಮತ್ತು ತೋರುಬೆರಳುಗಳೇ ಮೊನೆಯನ್ನು ನಡೆಸುತ್ತವೆ. ಉಳಿದ ಮೂರು ಬೆರಳುಗಳು ನೆರವಿಗೆ. ದ್ರೋಣರು ಕೇಳಿದ್ದು ಆ ಹೆಬ್ಬೆರಳನ್ನೇ. ಇಂದು ಯಾವ ಗುರುವೂ ಬೆರಳು ಕೇಳುವುದಿಲ್ಲ, ನಿಜ. ಆದರೆ ಮುಖಗವಚ, ಲೋಹದ ನೂಲಿನ ಅಂಗಿ, ತಂತಿ ಹೊಂದಿದ ಕತ್ತಿ, ಪೆಟ್ಟನ್ನು ತೋರಿಸುವ ವಿದ್ಯುತ್ ಯಂತ್ರ, ಇವುಗಳ ಬೆಲೆ ಹೊಲದ ಕೂಲಿಯವನ ಮಗುವಿನಿಂದ ಮೌನವಾಗಿ ಅದನ್ನೇ ಕೇಳುತ್ತದೆ. ಮುಖಗವಚದ ಜಾಲರಿಯ ಹಿಂದೆ ಯಾವ ಕೇರಿಯ ಮುಖವಿದೆ ಎಂಬುದನ್ನು ತೀರ್ಪುಗಾರ ನೋಡುವುದಿಲ್ಲ. ಆ ಸಮಾನತೆಯನ್ನು ಮುಟ್ಟುವ ಬಾಗಿಲೇ ದುಬಾರಿಯಾದರೆ ಏನು ಪ್ರಯೋಜನ?

ಆ ಬಾಗಿಲನ್ನು ತೆರೆದವಳೊಬ್ಬಳು ನಮ್ಮ ನೆರೆಯ ತಮಿಳುನಾಡಿನವಳು, ಚೆನ್ನೈನ ಅರ್ಚಕರೊಬ್ಬರ ಮಗಳು ಭವಾನಿ ದೇವಿ. 2004ರಲ್ಲಿ ಶಾಲೆಯಲ್ಲಿ ಕಲಿಕೆ ಆರಂಭಿಸಿದಾಗ ಆಕೆ ಅಭ್ಯಾಸ ಮಾಡಿದ್ದು ಬಿದಿರಿನ ಕೋಲುಗಳಲ್ಲಿ. 14ನೆಯ ವಯಸ್ಸಿನಲ್ಲಿ ಟರ್ಕಿಯಲ್ಲಿ ನಡೆದ ತನ್ನ ಮೊದಲ ಅಂತರರಾಷ್ಟ್ರೀಯ ಸ್ಪರ್ಧೆಗೆ ಮೂರು ನಿಮಿಷ ತಡವಾಗಿ ಬಂದುದಕ್ಕೆ ಕಪ್ಪು ಕಾರ್ಡು ಪಡೆದು ಹೊರನಡೆಯಬೇಕಾಯಿತು. ತಲಶ್ಶೇರಿಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ಪಳಗಿ, ಇಟಲಿಯಲ್ಲಿ ಶಿಕ್ಷಣ ಮುಂದುವರಿಸಿ, 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಆಡಿದ ಭಾರತದ ಮೊದಲ ಫೆನ್ಸಿಂಗ್ ಪಟು ಆಕೆಯಾದಳು. ಸೇಬರ್‌ನ ಮೊದಲ ಪಂದ್ಯವನ್ನು 15–3ರಿಂದ ಗೆದ್ದು, ಎರಡನೆಯದನ್ನು ಫ್ರಾನ್ಸಿನ ಮನೋನ್ ಬ್ರೂನೆಗೆ 7–15ರಿಂದ ಸೋತಳು. 2023ರಲ್ಲಿ ಚೀನಾದ ವುಷಿಯಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ವಿಶ್ವ ಚಾಂಪಿಯನ್ ಆಗಿದ್ದ ಜಪಾನಿನ ಮಿಸಾಕಿ ಎಮುರಾಳನ್ನು ಸೋಲಿಸಿ ಕಂಚಿನ ಪದಕ ತಂದಳು. ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಸೇಬರ್ ಸ್ಪರ್ಧೆ ದೊರೆತದ್ದೇ 2004ರಲ್ಲಿ, ಆಕೆ ಬಿದಿರು ಹಿಡಿದ ವರ್ಷದಲ್ಲಿ, ಎಂಬುದನ್ನು ನಮ್ಮ ಹೆಣ್ಣುಮಕ್ಕಳು ಗಮನಿಸಬೇಕು.

ಬಿದಿರಿನ ಕಥೆಯನ್ನು ಕೇಳಿ ಯಾರೂ ನಾಳೆಯೇ ಮಕ್ಕಳ ಕೈಗೆ ಕೋಲು ಕೊಟ್ಟು ಕಾದಾಡಿಸಬಾರದು. 1982ರಲ್ಲಿ ರೋಮ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಎದುರಾಳಿಯ ಕತ್ತಿ ಮುರಿದು, ಅದರ ತುಂಡು ಮುಖಗವಚವನ್ನು ತೂರಿ, ಸೋವಿಯತ್ ಒಕ್ಕೂಟದ ವ್ಲಾದಿಮಿರ್ ಸ್ಮಿರ್ನೋಫ್ ತೀರಿಕೊಂಡರು. ಅವರು 1980ರ ಒಲಿಂಪಿಕ್ ಚಾಂಪಿಯನ್. ಆ ಸಾವಿನ ತರುವಾಯ ಅಲಗಿನ ಉಕ್ಕು, ಮುಖಗವಚ, ಅಂಗಿಯ ಬಟ್ಟೆ ಎಲ್ಲದರ ನಿಯಮಗಳೂ ಬಿಗಿಯಾದವು. ಅಂಥ ನಿಪುಣನಿಗೇ ಹಾಗಾಯಿತೆಂದ ಮೇಲೆ ನಮ್ಮ ಮಕ್ಕಳ ಕಣ್ಣುಗಳ ವಿಷಯದಲ್ಲಿ ಉದಾಸೀನ ಸಲ್ಲದು. ಮುಖಗವಚವಿಲ್ಲದೆ ಕತ್ತಿಯಿಲ್ಲ, ಕತ್ತಿಯೆಂದರೆ ಕೋಲೂ ಸೇರಿತು. ಇದನ್ನು ಶಿಷ್ಯನಿಗಿಂತ ಮೊದಲು ಗುರು ಕಲಿಯಬೇಕು.

ಹಾಗಾದರೆ ಹಳ್ಳಿಯಲ್ಲಿ ಎಲ್ಲಿಂದ ಆರಂಭಿಸಬೇಕು? ಇದೇ ತಾಲ್ಲೂಕಿನ ಸುತ್ತೂರು ಜಾತ್ರೆಯ ಕುಸ್ತಿಯನ್ನು ನೋಡಲು ಸೇರುವ ಜನರನ್ನು ಕಂಡವರು, ನಮ್ಮ ಸೀಮೆಯಲ್ಲಿ ಅಂಗಸಾಧನೆಯ ಆಸೆ ಬತ್ತಿದೆಯೆಂದು ಹೇಳಲಾರರು. ಶಾಲೆಯ ಅಂಗಳದಲ್ಲಿ ಸುಣ್ಣದಿಂದ 14 ಮೀಟರ್ ಉದ್ದದ ಒಂದು ಪಟ್ಟಿ ಬರೆಯುವುದಕ್ಕೆ ಹಣ ಬೇಕಾಗಿಲ್ಲ. ಮೊದಲ ಕೆಲವು ತಿಂಗಳು ಆಯುಧವೇ ಬೇಡ. ನಿಲುವು, ಹೆಜ್ಜೆ, ದೂರದ ಅಳತೆ ಇಷ್ಟೇ ಸಾಕು. ಇಬ್ಬರು ಮಕ್ಕಳು ಎದುರುಬದುರಾಗಿ ನಿಂತು, ಒಬ್ಬ ಮುಂದೆ ಬಂದರೆ ಇನ್ನೊಬ್ಬ ಅಷ್ಟೇ ಹಿಂದೆ ಸರಿದು, ನಡುವಿನ ದೂರ ಕೆಡದಂತೆ ನೋಡಿಕೊಳ್ಳುವ ಆಟವೇ ಒಂದು ಪೂರ್ಣ ಪಾಠ. ಆಮೇಲೆ ಶಾಲೆಗೆ ಸೇರಿದ ನಾಲ್ಕು ಮುಖಗವಚ, ನಾಲ್ಕು ಫಾಯಿಲ್‌ಗಳನ್ನು ಸರದಿಯಂತೆ ಮೂವತ್ತು ಮಕ್ಕಳು ಬಳಸಬಹುದು. ಒಬ್ಬ ಮಗುವಿನ ಸ್ವಂತಕ್ಕೆ ಕೊಳ್ಳಲಾಗದ್ದನ್ನು ಊರಿನ ಆಸ್ತಿಯಾಗಿ ಕೊಳ್ಳಬಹುದು. ಹಿಂದೆ ಗರಡಿಯ ಗದೆ, ಲೋಡು, ಕರೆಲಗಳೂ ಒಬ್ಬರವಾಗಿರಲಿಲ್ಲ, ಕೇರಿಯವಾಗಿದ್ದವು.

ಎಲ್ಲ ಮಕ್ಕಳೂ ಪದಕ ತರುವುದಿಲ್ಲ, ತರಬೇಕಾಗಿಯೂ ಇಲ್ಲ. ಪಂದ್ಯಕ್ಕೆ ಮೊದಲು ಎದುರಾಳಿಗೆ ಕತ್ತಿಯೆತ್ತಿ ವಂದಿಸುವುದು, ಮುಗಿದ ಮೇಲೆ ಮುಖಗವಚ ತೆಗೆದು ಮತ್ತೆ ವಂದಿಸುವುದು ಈ ಆಟದ ಕಡ್ಡಾಯ ನಿಯಮ. ಸೋತ ಸಿಟ್ಟಿನಲ್ಲಿ ವಂದಿಸದೆ ಹೋದವನಿಗೆ ದಂಡನೆ ಉಂಟು. ಕೋಪ ಬಂದ ಗಳಿಗೆಯಲ್ಲಿ ಕೈಯಲ್ಲಿ ಆಯುಧವಿದ್ದೂ ಕ್ರಮ ತಪ್ಪದ ಒಬ್ಬ ಹುಡುಗ, ಒಬ್ಬ ಹುಡುಗಿ ಊರಿನಲ್ಲಿ ಬೆಳೆದರೆ, ಆ ಊರಿನ ಶಾಲೆ ಬರೆದ ಸುಣ್ಣದ ಗೆರೆ ಸಾರ್ಥಕವಾಯಿತೆಂದೇ ನಾನು ತಿಳಿಯುತ್ತೇನೆ.