ಕಾಂಗ್ರೆಸ್ ಕಸ ಗೆಲ್ಲುವುದೇಕೆ?



ಮಳೆಗಾಲದಲ್ಲಿ ಮಾನ್ವಿಯಿಂದ ನಿಮ್ಮ ಊರಿಗೆ ಹೋಗುವಾಗ ಹಾದಿಯ ಎರಡೂ ಮಗ್ಗಲು ನೋಡಿರಿ. ಕರಕಿ, ತಗಚೆ ಇರಬೇಕಾದಲ್ಲಿ ಬಿಳಿ ಹೂವಿನ ಕಾಂಗ್ರೆಸ್ ಕಸ ನಿಂತಿರುತ್ತದೆ. ಕಾಲುವೆಯ ದಂಡೆ, ಹೊಲದ ಬದು, ತಿಪ್ಪೆಯ ಸುತ್ತು, ಎಲ್ಲಿಯೂ ಅದೇ. "ಬಿತ್ತಿದ್ದು ಒಣಗತೈತಿ, ಬಿತ್ತದ್ದು ಬೆಳೀತೈತಿ" ಎಂದು ನೀವು ಬೇಸರಪಡುವುದುಂಟು. ಹೀಗೇಕೆ?

ಈ ಗಿಡದ ತವರು ಅಮೆರಿಕ ಖಂಡ. 1955ರಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದ ಮೇಲೆ ಇದು ದೇಶದ ತುಂಬ ಹರಡಿತು. ತವರಿನಲ್ಲಿ ಇದನ್ನು ತಿನ್ನುವ ಹುಳಗಳುಂಟು, ಕೆಡಿಸುವ ರೋಗಗಳುಂಟು. ಇಲ್ಲಿಗೆ ಬೀಜ ಬಂತು, ಅದರ ವೈರಿಗಳು ಬರಲಿಲ್ಲ. ನಮ್ಮ ಕರಕಿಯನ್ನು ಎತ್ತು ಮೇಯುತ್ತದೆ. ಇದನ್ನು ಕುರಿಯೂ ಮೂಸಿ ಬಿಡುತ್ತದೆ. ದನ ಮೇಯ್ದಷ್ಟೂ ಒಳ್ಳೆಯ ಹುಲ್ಲು ಸವೆದು ಕಸಕ್ಕೆ ಜಾಗ ತೆರವಾಗುತ್ತದೆ.

ಎರಡನೆಯದು ಇದರ ಅವಸರ. ಮೊಳೆತು ಒಂದೂವರೆ ತಿಂಗಳೊಳಗೆ ಹೂ ಬಿಡುತ್ತದೆ. ಒಂದು ದೊಡ್ಡ ಗಿಡ 15 ಸಾವಿರ ಬೀಜ ಕೊಡಬಲ್ಲದು. ಗಾಳಿ, ನೀರು, ಗಾಡಿಯ ಗಾಲಿ, ಎಲ್ಲವೂ ಅದನ್ನು ಹೊತ್ತು ತಿರುಗುತ್ತವೆ. ಮೂರನೆಯದು ಇದರ ರಸ. ಬೇರಿನಿಂದಲೂ ಉದುರಿದ ಎಲೆಯಿಂದಲೂ ಮಣ್ಣಿಗಿಳಿದು, ನೆರೆಯ ಬೀಜ ಮೊಳೆಯದಂತೆ ತಡೆಯುತ್ತದೆ.

ಹಾಗೆಂದು ಇದು ಸೋಲದ ಗಿಡವಲ್ಲ. ಇದಕ್ಕೆ ಬೋಳು ನೆಲ ಬೇಕು, ಬಿಸಿಲು ಬೇಕು. ಒತ್ತಾಗಿ ಬೆಳೆದ ತಗಚೆಯ ಕೆಳಗೆ ಇದು ಏಳಲಾರದು. ಆದುದರಿಂದ ಬರಿದೆ ಕಿತ್ತರೆ ಸಾಲದು, ಕಿತ್ತ ಜಾಗವನ್ನು ತುಂಬಬೇಕು. ಚಳಿಗಾಲದಲ್ಲಿ ತಗಚೆಯ ಬೀಜ ಕೂಡಿಸಿಟ್ಟು, ಮುಂಗಾರಿಗೆ ಮುಂಚೆ ಬದುವಿಗೆ, ಹಾದಿಯ ಅಂಚಿಗೆ ಚೆಲ್ಲಿರಿ.

ಕೀಳುವುದಾದರೆ ಹೂ ಬಿಡುವ ಮುನ್ನ, ನೆಲ ಹಸಿ ಇದ್ದಾಗ ಬೇರುಸಹಿತ ಕೀಳಿರಿ. ಬರಿಗೈಯಿಂದ ಮುಟ್ಟಬೇಡಿರಿ, ಮೈ ತುರಿಕೆ, ಉಬ್ಬಸ ಬರುವುದುಂಟು. ಕೈಗೆ ಚೀಲ ಕಟ್ಟಿಕೊಳ್ಳಿರಿ, ಮೂಗಿಗೆ ಬಟ್ಟೆ ಸುತ್ತಿಕೊಳ್ಳಿರಿ. ಹೂವಿಲ್ಲದ ಗಿಡ ಗೊಬ್ಬರದ ಗುಂಡಿಗೆ ಆದೀತು.

ಇನ್ನೊಂದು ಮಾತು. ಈ ಕಸದ ವೈರಿಯಾದ ಮೆಕ್ಸಿಕೋದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಮಾಸಲು ಬಿಳುಪಿನ ಮೈಮೇಲೆ ಕಂದು ಗೆರೆಗಳಿರುವ ಈ ಹುಳ ಮಳೆಗಾಲದಲ್ಲಿ ಎಲೆ ತಿನ್ನುತ್ತದೆ, ಒಣ ದಿನಗಳಲ್ಲಿ ಮಣ್ಣಿನೊಳಗೆ ಮಲಗುತ್ತದೆ. ಕಂಡರೆ ಕೊಲ್ಲಬೇಡಿರಿ, ಅದು ನಿಮ್ಮ ಆಳು.

ನಿಮ್ಮ ಬದು ಹಸನಾಗಿ, ಪಕ್ಕದವರ ಬದು ಬಿಳಿ ಹೂ ಬಿಟ್ಟರೆ ಫಲವಿಲ್ಲ. ಓಣಿಯವರೆಲ್ಲ ಕೂಡಿ ಒಂದೇ ದಿನ ಇಳಿಯಿರಿ.